ಹನ್ನೆರಡನೆಯ ದಿನದ ಜಾಡಿಗಳು

ಭಾನುವಾರ, ಮೇ ೧೭

ಪ್ರೀತಿಯ ಕೂಸೇ,

ನಿನ್ನ ಎರಡು ಕಾಗದಗಳೂ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ “ನಾವು ಚೆನ್ನಾಗಿದ್ದೇವೆ, ನೀನು ಹೇಗಿದ್ದೀಯ” ಎಂಬಲ್ಲಿಗೆ ಪೆನ್ನು ನಿಂತುಬಿಡುತ್ತಿತ್ತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪರೀಕ್ಷೆಯ ಕಾಲ, ಕೈತುಂಬ ಕೆಲಸ ಎಂದು ಬರೆದರೆ ನೀನು ನಂಬುತ್ತೀಯ, ಯಾಕೆಂದರೆ ಆ ಮಾತು ಕೇಳುತ್ತಲೇ ಬೆಳೆದವಳು ನೀನು. ಆದರೆ ಈ ಸಲ ಕಾರಣ ಅದಲ್ಲ.

ಮೊದಲು ಮನೆಯ ಸುದ್ದಿ. ನಿಮ್ಮಪ್ಪ ಆರಾಮವಾಗಿದ್ದಾರೆ. ಮಂಡಿ ನೋವು ಇದೆ ಎನ್ನುತ್ತಾರೆ, ಆದರೆ ನಾನು ಏನಾದರೂ ಕೆಲಸ ಹೇಳಿದಾಗ ಮಾತ್ರ ಅದು ಜಾಸ್ತಿಯಾಗುತ್ತದೆ. ಮನೆಯಲ್ಲಿರುವ ಹಳೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ಹರಡಿಕೊಂಡಿದ್ದಾರೆ. ಸದ್ಯಕ್ಕೆ ನಮ್ಮಲ್ಲಿ ಸರಿಯಾದ ಸಮಯ ತೋರಿಸುವ ಒಂದು ಗಡಿಯಾರವೂ ಇಲ್ಲ. ನೀನು ಮರಗೆಲಸ ಕಲಿತು ಮಾಡಿ ಕಳಿಸಿದ ಪುಟ್ಟ ಕುರ್ಚಿಯ ಮೇಲೆ ಅವರು ಯಾರನ್ನೂ ಕೂರಲು ಬಿಡುವುದಿಲ್ಲ, ತಾವೂ ಕೂರುವುದಿಲ್ಲ. ಕುರ್ಚಿ ಇರುವುದು ಕೂರಲಿಕ್ಕೆ ಎಂದು ನೀನೇ ಒಂದು ಸಾಲು ಬರೆದು ಹೇಳು.

ನಿನ್ನ ಕಾಗದಗಳಲ್ಲಿ ಮರದ ಸುದ್ದಿ ಬೇಕಾದಷ್ಟು ಇರುತ್ತದೆ. ಯಾವ ಹಲಗೆ ಬಾಗಿತು, ಯಾವ ಅಂಟು ಹಿಡಿಯಲಿಲ್ಲ ಎಲ್ಲ ಗೊತ್ತಾಗುತ್ತದೆ. ನಿನ್ನ ಸುದ್ದಿ ಮಾತ್ರ ಇರುವುದಿಲ್ಲ. ದೂರುತ್ತಿಲ್ಲ. ನನ್ನ ಕಾಗದಗಳೂ ಹಾಗೆಯೇ ಇರುತ್ತಿದ್ದವು. ಇದು ಹಾಗಿರುವುದಿಲ್ಲ, ಸ್ವಲ್ಪ ಉದ್ದವಾಗುತ್ತದೆ. ಕೆಲಸ ಮುಗಿದ ಮೇಲೆ ಓದು.

ನಮ್ಮ ಕಾಲೇಜಿನಲ್ಲಿ ಈ ವರ್ಷ ಪರೀಕ್ಷೆಯ ಹೊತ್ತಿಗೆ ಹೆದರಿದ ಮಕ್ಕಳಿಗೆಂದು ಒಂದು ಕೋಣೆ ತೆರೆದರು. ನಾಲ್ಕು ಕುರ್ಚಿ, ಕುಡಿಯುವ ನೀರು, ಚೂಪು ಮಾಡಿಟ್ಟ ಪೆನ್ಸಿಲ್‌ಗಳು, ಮಾತಾಡಲು ಒಬ್ಬ ಮೇಷ್ಟ್ರು. ಮಕ್ಕಳು ಅದಕ್ಕೆ ‘ಉಸಿರಾಟದ ಕೋಣೆ’ ಎಂದು ಹೆಸರಿಟ್ಟರು. ಅದರ ಹೊಣೆ ನನಗೇ ಬಂತು. ನೀನು ನಗುತ್ತೀಯ ಎಂದು ಗೊತ್ತು. ನನ್ನನ್ನು ಕಂಡು ಉಸಿರು ಬಿಗಿಹಿಡಿದವರೇ ಜಾಸ್ತಿ, ಉಸಿರಾಡಿದವರು ಕಡಿಮೆ. ಆದರೂ ಬಂದರು. ಒಬ್ಬ ಹುಡುಗ ಹತ್ತು ನಿಮಿಷ ಸುಮ್ಮನೆ ಕೂತು ಎದ್ದುಹೋದ. ಒಬ್ಬಳು ತನ್ನ ಹಾಲ್ ಟಿಕೆಟ್ಟನ್ನೇ ಮಡಿಸಿ ಮಡಿಸಿ ಹರಿದುಕೊಂಡಿದ್ದಳು, ಅದಕ್ಕೆ ಅಂಟಿನ ಪಟ್ಟಿ ಹಚ್ಚಿಕೊಟ್ಟೆ. “ಮಕ್ಕಳ ಹತ್ರ ಸುಳ್ಳು ಹೇಳಬೇಡಿ, ಇರೋದನ್ನ ಮೆತ್ತಗೆ ಹೇಳಿ” ಎಂದು ಉಳಿದ ಮೇಷ್ಟ್ರುಗಳಿಗೆ ಮೊದಲ ದಿನ ಪಾಠ ಹೇಳಿದವಳೂ ನಾನೇ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಎರಡನೇ ವರ್ಷದ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಎಲ್ಲರೂ ಅವಳನ್ನು ‘ಗಣತಿ’ ಎಂದು ಕರೆಯುತ್ತಾರೆ. ಮೆಟ್ಟಿಲು ಹತ್ತುವಾಗ ಮೆಟ್ಟಿಲು ಎಣಿಸುತ್ತಾಳೆ, ಮಾತಾಡುವಾಗ ನಮ್ಮ ಅಂಗಿಯ ಗುಂಡಿ ಎಣಿಸುತ್ತಾಳೆ. ಅವಳ ತಾಯಿ ಒಂದು ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಾರೆ. ಅಲ್ಲಿಂದ ಚರಂಡಿಗೆ ಹೋಗುವ ಸೋಪಿನ ನೀರು ಮುಂದೆ ಹಳ್ಳ ಸೇರಿದ ಮೇಲೆ ಅಲ್ಲಿನ ಜೀವಗಳಿಗೆ ಏನು ಮಾಡುತ್ತದೆ? ಈ ಪ್ರಶ್ನೆ ಅವಳಿಗೇ ಹೊಳೆದದ್ದು, ನಾನು ಕೊಟ್ಟದ್ದಲ್ಲ. ಇಷ್ಟು ವರ್ಷದಲ್ಲಿ ತಾನಾಗಿಯೇ ಪ್ರಶ್ನೆ ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದವರು ಮೂರೋ ನಾಲ್ಕೋ ಮಂದಿ.

ನೀರುಚಿಗಟಗಳು ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ಮೈಕ್ರೋಸ್ಕೋಪಿನಲ್ಲಿ ನೋಡಿ “ಅಮ್ಮಾ, ಇದರ ಎದೆ ಕಾಣುತ್ತೆ” ಎಂದಿದ್ದೆ. ಎಳ್ಳಿಗಿಂತ ಸಣ್ಣ ಜೀವ, ಗಾಜಿನಂಥ ಮೈ, ಒಳಗೆ ಹೃದಯ ಬಡಿಯುವುದು ಕಾಣುತ್ತದೆ. ಗಣತಿ ಇಪ್ಪತ್ತನಾಲ್ಕು ಜಾಡಿಗಳಲ್ಲಿ ಒಂದೊಂದನ್ನೇ ಬಿಟ್ಟಿದ್ದಳು. ಹನ್ನೆರಡರಲ್ಲಿ ಶುದ್ಧ ನೀರು, ಹನ್ನೆರಡರಲ್ಲಿ ಚೂರು ಸೋಪಿನ ನೀರು ಬೆರೆಸಿದ್ದು. ಇಪ್ಪತ್ತೊಂದು ದಿನ, ದಿನಕ್ಕೊಮ್ಮೆ ಆಹಾರ ಹಾಕಿ, ಎಷ್ಟು ಮರಿ ಹುಟ್ಟಿದವು ಎಂದು ಎಣಿಸಬೇಕು. ಒಂದು ದಿನವೂ ತಪ್ಪುವಂತಿಲ್ಲ.

ಆ ಎಣಿಕೆಯ ಮೇಲೆ ಒಂದು ದೊಡ್ಡ ವಿಷಯ ನಿಂತಿತ್ತು. ಎರಡನೇ ವರ್ಷ ಮುಗಿಸಿದವರಿಗೆ ಒಂದು ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ರಜೆಯ ಎರಡು ತಿಂಗಳು ಕೆಲಸ ಕಲಿಯುವ ಅವಕಾಶ. ನಮ್ಮ ಕಾಲೇಜಿನಿಂದ ಒಬ್ಬರಿಗೆ ಮಾತ್ರ. ಅರ್ಜಿಯ ಜೊತೆ ತಾನು ಮಾಡಿದ ಪ್ರಯೋಗದ ನೋಟ್‌ಬುಕ್ ತೋರಿಸಬೇಕು. ಮೂರನೇ ವರ್ಷದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಈ ಬೇಸಿಗೆ ಬಿಟ್ಟರೆ ಅವಳಿಗೆ ಇನ್ನೊಂದು ಬೇಸಿಗೆ ಇರಲಿಲ್ಲ.

ಪರೀಕ್ಷೆ ಬಂದದ್ದು ಒಂಬತ್ತನೆಯ ದಿನಕ್ಕೆ. ಹುಡುಗಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಲ್ಯಾಬಿನಲ್ಲೇ ನಿಂತು ಓದಲು ಶುರುಮಾಡಿದ್ದಳು. “ಹೀಗೆ ಮಾಡಿದ್ರೆ ಎರಡೂ ಕೆಡುತ್ತೆ. ನೀನು ಹೋಗಿ ಪರೀಕ್ಷೆ ಬರಿ, ಇವನ್ನ ನಾನು ನೋಡ್ಕೋತೀನಿ” ಎಂದೆ. ಅವಳು ಒಪ್ಪಲಿಲ್ಲ. “ನಿಮಗೆ ತೊಂದರೆ ಮೇಡಂ” ಎಂದಳು. ನಾನೇ ಒತ್ತಾಯ ಮಾಡಿ ಜಾಡಿಗಳನ್ನು ಅವಳ ಕೈಯಿಂದ ಬಿಡಿಸಿಕೊಂಡೆ. ಇದನ್ನು ನೀನು ಗಮನಿಸಬೇಕು.

ಹನ್ನೆರಡನೆಯ ದಿನ ಗುರುವಾರ. ಆ ದಿನ ನಾನು ಊರಿಂದ ಹೊರಗೆ ಹೋಗುವುದಿತ್ತು. ಬೆಳಿಗ್ಗೆ ಏಳಕ್ಕೆ ಲ್ಯಾಬಿಗೆ ಹೋಗಿ, ಬೆಳಕು ಚೆನ್ನಾಗಿರಲಿ ಎಂದು ಜಾಡಿಗಳ ತಟ್ಟೆಯನ್ನು ಕಿಟಕಿಯ ಪಕ್ಕದ ಮೇಜಿಗೆ ಎತ್ತಿಟ್ಟೆ. ಆಹಾರ ಹಾಕಿದೆ. ಗಡಿಯಾರ ನೋಡಿದೆ. ಬಸ್ಸಿಗೆ ಓಡಿದೆ. ತಟ್ಟೆಯನ್ನು ಒಳಗಿನ ಕಪಾಟಿಗೆ ವಾಪಸು ಇಡಲಿಲ್ಲ. ಮೈಗೆ ಹುಷಾರಿಲ್ಲ ಎಂದು ವಿಭಾಗಕ್ಕೆ ಫೋನು ಮಾಡಿದ್ದೆ. ಆ ದಿನದ ಬಿಸಿಲು ಎಷ್ಟಿತ್ತೆಂದರೆ ಬಸ್ಸಿನ ಕಂಬಿ ಹಿಡಿಯಲು ಆಗುತ್ತಿರಲಿಲ್ಲ. ಆಗಲೂ ನನಗೆ ಜಾಡಿಗಳು ನೆನಪಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೋಗಿ ನೋಡಿದರೆ ಹತ್ತೊಂಬತ್ತು ಸತ್ತಿದ್ದವು. ಸತ್ತ ಮೇಲೆ ಅವು ಗಾಜಿನಂತಿರುವುದಿಲ್ಲ, ಬಿಳಿಚಿಕೊಂಡು ತಳದಲ್ಲಿ ಕೂತಿರುತ್ತವೆ. ಬದುಕಿದ್ದವು ಐದು. ನಾನು ಒಂದೊಂದೇ ಜಾಡಿ ಎತ್ತಿ ಅಲುಗಿಸಿ ನೋಡುತ್ತಿರುವಾಗ ಬಾಗಿಲಲ್ಲಿ ಗಣತಿ ಬಂದು ನಿಂತಳು. ಹತ್ತು ಗಂಟೆಗೆ ಅವಳು ಎಲ್ಲಕ್ಕಿಂತ ಹೆಚ್ಚು ಹೆದರಿದ್ದ ಪರೀಕ್ಷೆ. ಮುಖ ಸುಣ್ಣದ ಹಾಗಾಗಿತ್ತು.

“ಮೇಡಂ, ನಮ್ಮವರು ಹೇಗಿದ್ದಾರೆ?”

ತಟ್ಟೆ ನನ್ನ ಬೆನ್ನ ಹಿಂದೆ ಇತ್ತು.

“ಎಲ್ಲಾ ಚೆನ್ನಾಗಿದ್ದಾರೆ” ಎಂದೆ.

“ನಿನ್ನೆ ಏಳನೇ ಜಾಡಿಯಲ್ಲಿ ಮರಿ ಹಾಕಬೇಕಿತ್ತು. ಹಾಕಿತಾ?”

“ಹನ್ನೊಂದು.”

ಅವಳ ಮುಖದ ಮೇಲೆ ರಕ್ತ ವಾಪಸು ಬಂದದ್ದನ್ನು ಕಣ್ಣಾರೆ ಕಂಡೆ. “ಹನ್ನೊಂದಾ” ಎಂದು ನಗುತ್ತಾ ಹೋದಳು. ಪರೀಕ್ಷೆ ಚೆನ್ನಾಗಿಯೇ ಬರೆದಳಂತೆ. ನಾನು ಆ ಕ್ಷಣದಲ್ಲಿ ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ. ಈಗಲೂ ಮನಸ್ಸಿನ ಯಾವುದೋ ಮೂಲೆ ಹಾಗೆಯೇ ವಾದ ಮಾಡುತ್ತದೆ. ಪರೀಕ್ಷೆ ಮುಗಿದ ಮೇಲೆ ಹೇಳಿದರಾಯಿತು ಎಂದು ಅವತ್ತು ಅಂದುಕೊಂಡದ್ದು ನಿಜ. ಆದರೆ ಮಧ್ಯಾಹ್ನದ ಹೊತ್ತಿಗೆ ನಾನು ಚಿಗಟ ಸಾಕುವ ದೊಡ್ಡ ತೊಟ್ಟಿಯಿಂದ ಸೋಪು ಸೋಕದ ಹತ್ತೊಂಬತ್ತು ಹೊಸ ಚಿಗಟಗಳನ್ನು ಹಿಡಿದು ಸತ್ತವುಗಳ ಜಾಡಿಗಳಿಗೆ ಬಿಟ್ಟಾಗಿತ್ತು. ನೋಟ್‌ಬುಕ್ಕಿನಲ್ಲಿ ಗುರುವಾರದ ಸಾಲು ತುಂಬಿಯಾಗಿತ್ತು. ಏಳನೇ ಜಾಡಿ, ಹನ್ನೊಂದು. ಕೆಳಗೆ ನನ್ನ ಸಹಿ.

ಗಾಜಿನಜ್ಜ ಗೊತ್ತಲ್ಲ, ಲ್ಯಾಬಿನ ಗಾಜುಗಳನ್ನೆಲ್ಲ ತೊಳೆದು ಜೋಡಿಸುವವರು, ನೀನೇ ಆ ಹೆಸರಿಟ್ಟದ್ದು. ಅವರು ಪೊರಕೆ ಹಿಡಿದುಕೊಂಡು ಪಕ್ಕದಲ್ಲೇ ಇದ್ದರು. ಎಲ್ಲ ಮುಗಿದ ಮೇಲೆ ಹೇಳಿದರು: “ನಾನೇನೂ ನೋಡಿಲ್ಲ ಮೇಡಂ. ಆದ್ರೆ ನೋಡಿಲ್ಲ ಅಂತ ಎಷ್ಟು ದಿನ ಹೇಳ್ಬೇಕು ಅನ್ನೋದನ್ನ ಈಗ್ಲೇ ಹೇಳ್ಬಿಡಿ.” ಅವರು ಗುಡಿಸುತ್ತಾ ಹೋದರು.

ಪರೀಕ್ಷೆಗಳು ಮುಗಿದ ಮಾರನೆಯ ದಿನ ಗಣತಿ ಬಂದಳು. ಬಂದವಳೇ ಜಾಡಿಗಳ ಮುಂದೆ ಕೂತಳು, ಕೂತವಳು ಮಧ್ಯಾಹ್ನದವರೆಗೆ ಏಳಲಿಲ್ಲ. ಆಮೇಲೆ ನನ್ನ ಕೋಣೆಗೆ ಬಂದು, “ಮೇಡಂ, ಏನೋ ಆಗಿದೆ” ಎಂದಳು. ಏಳನೇ ಜಾಡಿಯದರ ಬಾಲದ ಮುಳ್ಳು ಸೊಟ್ಟಗಿತ್ತಂತೆ, ಈಗ ನೆಟ್ಟಗಿದೆ. ಮೊದಲು ಸೋಪಿನ ನೀರಿನವು ಕಡಿಮೆ ಮರಿ ಹಾಕುತ್ತಿದ್ದವು, ಈಗ ಎರಡೂ ಸರಿಸಮ. ನಾನು “ಪ್ರಯೋಗ ಅಂದ್ರೆ ಹಾಗೇ, ಒಮ್ಮೊಮ್ಮೆ ಹೀಗಾಗುತ್ತೆ” ಎಂದೆ. ಆಮೇಲೆ ಅವಳು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಹಾಗಾದ್ರೆ ಮೊದಲ ಎಂಟು ದಿನ ನಾನೇ ತಪ್ಪು ಎಣಿಸಿರ್ಬೇಕು ಮೇಡಂ. ಸೋಪಿನ ನೀರು ಕೆಟ್ಟದ್ದು ಅಂತ ಬರ್ಲಿ ಅಂತ ನನಗೆ ಆಸೆ ಇತ್ತು. ಆಸೆಪಟ್ಟು ಹಾಗೆ ಎಣಿಸಿಬಿಟ್ನೇನೋ.”

ಮೆಟ್ಟಿಲು ಬಿಡದೆ ಎಣಿಸುವ ಹುಡುಗಿಗೆ ತನ್ನ ಎಣಿಕೆಯ ಮೇಲೆಯೇ ನಂಬಿಕೆ ಹೋಯಿತು. ಅದನ್ನು ಕಿತ್ತುಕೊಂಡವಳು ಎದುರಿಗೇ ಕೂತು ಟೀ ಕುಡಿಯುತ್ತಿದ್ದಳು.

ಇಪ್ಪತ್ತೊಂದು ದಿನ ಮುಗಿದ ಮೇಲಿನ ಶುಕ್ರವಾರ ವಿಭಾಗದ ಮುಖ್ಯಸ್ಥರು ಅರ್ಜಿಗೆಂದು ನೋಟ್‌ಬುಕ್ಕುಗಳನ್ನು ತರಿಸಿದರು. ಅವರು ಕೆಟ್ಟ ಮನುಷ್ಯರಲ್ಲ, ಸೂಕ್ಷ್ಮದವರು. ಪುಟ ತಿರುವಿದವರು ಹನ್ನೆರಡನೆಯ ದಿನದ ಹತ್ತಿರ ಬೆರಳು ನಿಲ್ಲಿಸಿದರು. “ಇಲ್ಲಿಂದ ಮುಂದೆ ಬೇರೇನೇ ಪ್ರಯೋಗ ಇದ್ದ ಹಾಗಿದೆಯಲ್ಲ. ಏನಮ್ಮಾ, ಜಾಡಿ ಏನಾದ್ರೂ ಬದಲಾಯಿಸಿದ್ಯಾ?” ಎಂದು ಅವಳನ್ನು ಕೇಳಿದರು. ನಾನು ಅಲ್ಲೇ ಇದ್ದೆ. ಗಣತಿ ನೋಟ್‌ಬುಕ್ ನೋಡಿದಳು, ನನ್ನ ಅಕ್ಷರ ನೋಡಿದಳು, ಸಹಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆಗ ಅವಳಿಗೆ ಎಲ್ಲ ಗೊತ್ತಾಯಿತು. ಅವಳಿಗೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು.

“ನಾನೇ ಸರ್. ಪರೀಕ್ಷೆ ಗಡಿಬಿಡಿಯಲ್ಲಿ ಮೇಡಂಗೆ ತಪ್ಪು ಜಾಡಿಗಳನ್ನ ಕೊಟ್ಟುಬಿಟ್ಟಿದ್ದೆ” ಎಂದಳು.

ಕೂಸೇ, ಆಗ ನಾನು ಬಾಯಿ ತೆರೆಯಬೇಕಿತ್ತು. ಒಂದು ಮಾತು ಸಾಕಿತ್ತು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ಹೊತ್ತು ನನಗೆ ಸಮಯವಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ. ಅವರು, “ಇದನ್ನ ಕಳಿಸೋಕಾಗಲ್ಲಮ್ಮ. ಬೇಜಾರು ಮಾಡ್ಕೋಬೇಡ” ಎಂದು ನೋಟ್‌ಬುಕ್ ಮುಚ್ಚಿ ಅವಳ ಕೈಗೆ ಕೊಟ್ಟರು. ಅವಳು ಥ್ಯಾಂಕ್ಸ್ ಹೇಳಿ ಹೋದಳು.

ಶನಿವಾರ ಸಂಸ್ಥೆಗೆ ಬೇರೊಬ್ಬ ಹುಡುಗನ ಹೆಸರು ಹೋಯಿತು. ಭಾನುವಾರ ನಾನು ಮನೆಯ ಎಲ್ಲ ಕಪಾಟುಗಳನ್ನೂ ತೆಗೆದು ಒರೆಸಿದೆ. ಸೋಮವಾರ ಬೆಳಿಗ್ಗೆ ಮುಖ್ಯಸ್ಥರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಅವರು, “ಶುಕ್ರವಾರ ಹೇಳಿದ್ರೆ ಸಾಕಿತ್ತಲ್ಲ” ಎಂದರು. ಅವತ್ತೇ ಸಂಸ್ಥೆಗೆ ಬರೆದರು. ಜಾಗ ತುಂಬಿದೆ, ವಿಷಾದವಿದೆ ಎಂದು ಮೂರು ಸಾಲಿನ ಉತ್ತರ ಬಂತು. ವಿದ್ಯಾರ್ಥಿಗಳ ಪ್ರಯೋಗಗಳ ಮೇಲ್ವಿಚಾರಣೆಯಿಂದ ನನ್ನನ್ನು ತೆಗೆದಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ. ಪಾಠ ಮಾಡಬಹುದು, ಉಸಿರಾಟದ ಕೋಣೆಯಲ್ಲಿ ಕೂರಬಹುದು. ಕೂರುವುದಿಲ್ಲ ಎಂದು ನಾನೇ ಹೇಳಿದೆ.

ಗಣತಿಯ ಮನೆಗೆ ಹೋದೆ. ಲಾಂಡ್ರಿಯ ಹಿಂದಿನ ಬೀದಿ, ಮಹಡಿಯ ಮೇಲೆ ಒಂದೇ ಕೋಣೆ. ತಾಯಿ ಕೆಲಸಕ್ಕೆ ಹೋಗಿದ್ದರು. ಅವಳು ಸ್ಟೂಲು ಒರೆಸಿ ಕೊಟ್ಟು ತಾನು ಬಾಗಿಲಿಗೆ ಒರಗಿ ನಿಂತಳು. ನಾನು ಕ್ಷಮೆ ಕೇಳಿದೆ. ಪರೀಕ್ಷೆಗೆ ಮುಂಚೆ ನಿನ್ನ ಮನಸ್ಸು ಕೆಡದಿರಲಿ ಎಂದು ಹಾಗೆ ಮಾಡಿದೆ ಎಂದೂ ಸೇರಿಸಿದೆ. ಆ ಕೊನೆಯ ಮಾತು ಬೇಡವಾಗಿತ್ತು.

“ಸತ್ತುಹೋದವು ಅಂತ ಹೇಳಿದ್ರೆ ಅಳ್ತಿದ್ದೆ ಮೇಡಂ” ಎಂದಳು. “ಅತ್ತು, ಮುಖ ತೊಳ್ಕೊಂಡು ಹೋಗಿ ಪರೀಕ್ಷೆ ಬರೀತಿದ್ದೆ. ಅಷ್ಟು ಗಟ್ಟಿ ಇದ್ದೆ ನಾನು. ನೀವು ಕೇಳಲೇ ಇಲ್ಲ.”

“ಮತ್ತೆ ಮುಖ್ಯಸ್ಥರ ಮುಂದೆ ನನ್ನನ್ನ ಯಾಕೆ ಉಳಿಸಿದೆ?”

“ನೀವು ಹೇಳ್ತೀರಿ ಅಂದ್ಕೊಂಡೆ. ನಾನು ಹಾಗಂದ ತಕ್ಷಣ, ಇಲ್ಲ, ನಾನು ಅಂತ ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ.”

ಕೆಳಗೆ ಬರುವಾಗ ಮೆಟ್ಟಿಲುಗಳು ಎಷ್ಟಿವೆ ಎಂದು ಎಣಿಸಿದೆ. ಹತ್ತೊಂಬತ್ತು. ಲೆಕ್ಕ ತಪ್ಪಿತೇನೋ ಎಂದು ನಿಂತು ಇನ್ನೊಮ್ಮೆ ಎಣಿಸಿದೆ.

ಈಗ ಅವಳು ಮೇಲಿನ ಮಹಡಿಯ ಲ್ಯಾಬಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದ್ದಾಳೆ. ಯಾವ ಸಂಸ್ಥೆಗೂ ಅಲ್ಲ, ತನಗೇ ತಿಳಿಯಬೇಕಂತೆ. ಹೊಸದಾಗಿ ಬಂದ ಯುವ ಉಪನ್ಯಾಸಕಿ ನೋಡಿಕೊಳ್ಳುತ್ತಾಳೆ. ಗಾಜಿನಜ್ಜ ಇಪ್ಪತ್ತನಾಲ್ಕು ಹೊಸ ಜಾಡಿ ಕೊಟ್ಟಿದ್ದಾರೆ, ಒಂದು ಜಾಸ್ತಿಯೂ ಕೊಟ್ಟಿದ್ದಾರಂತೆ, “ಒಡೆದ್ರೆ ಇರ್ಲಿ” ಎಂದು. ಕಾರಿಡಾರಿನಲ್ಲಿ ಸಿಕ್ಕರೆ ಗಣತಿ ನಮಸ್ಕಾರ ಮಾಡುತ್ತಾಳೆ, ಅಷ್ಟೇ. ನಿಲ್ಲುವುದಿಲ್ಲ.

ಇದನ್ನೆಲ್ಲ ನಿನಗೆ ಯಾಕೆ ಬರೆದೆ ಎಂದು ನಿನಗೆ ಹೊಳೆದಿರುತ್ತದೆ. ಮೂರು ವರ್ಷದ ಹಿಂದೆ ನೀನು ಪರೀಕ್ಷೆಯ ಹಾಲಿನಿಂದ ಅರ್ಧಕ್ಕೆ ಎದ್ದು ನನ್ನ ವಿಭಾಗದ ಬಾಗಿಲಿಗೆ ಬಂದೆ. “ಅಮ್ಮಾ, ನನಗೆ ಇದು ಬೇಡ, ಇನ್ನು ಬರೆಯಲ್ಲ” ಎಂದೆ. ಒಳಗೆ ನಾಲ್ಕು ಜನ ಮೇಷ್ಟ್ರುಗಳಿದ್ದರು. ನಾನು ಎದ್ದು ಬಂದು ನಿನ್ನ ಹಣೆಯ ಮೇಲೆ ಕೈಯಿಟ್ಟು, “ನೋಡಿ, ಜ್ವರ ಸುಡ್ತಿದೆ” ಎಂದು ಅವರಿಗೆ ಹೇಳಿದೆ. “ನನಗೆ ಜ್ವರ ಇಲ್ಲ ಅಮ್ಮ” ಎಂದೆ ನೀನು. ನಾನು ಇನ್ನೂ ಗಟ್ಟಿಯಾಗಿ ಜ್ವರ ಎಂದೆ. ನಿನ್ನ ಹಣೆ ತಣ್ಣಗಿತ್ತು, ಕೂಸೇ. ಅದು ನನ್ನ ಅಂಗೈಗೆ ಅವತ್ತೇ ಗೊತ್ತಿತ್ತು. ಆ ಸುಳ್ಳನ್ನು ನಿನ್ನ ಒಳ್ಳೆಯದಕ್ಕೆ ಹೇಳಿದೆ ಎಂದು ಮೂರು ವರ್ಷ ನಂಬಿಕೊಂಡಿದ್ದೆ. ನಾಚಿಕೆಯಾದದ್ದು ನನಗೆ, ನಿನಗಲ್ಲ. ನೀನು ಆಗಲೇ ಗಟ್ಟಿ ಇದ್ದೆ. ನಾನು ಕೇಳಲೇ ಇಲ್ಲ.

ಇದಕ್ಕೆ ನೀನು ಉತ್ತರ ಬರೆಯಲೇಬೇಕೆಂದಿಲ್ಲ. ಮರದ ಸುದ್ದಿಯನ್ನೇ ಬರೆ, ಓದುತ್ತೇನೆ. ಕೈಗೆ ಸಿಬಿರು ಚುಚ್ಚಿಸಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಮಾಡಿದ ಕುರ್ಚಿಗಳ ಮೇಲೆ ದಣಿದವರು ನೆಮ್ಮದಿಯಾಗಿ ಕೂರಲಿ, ನಿನಗೂ ಹಾಗೆ ಕೂರಲು ಒಂದು ಜಾಗ ಸದಾ ಇರಲಿ ಎಂದು ಹರಸುತ್ತೇನೆ.

ಇತಿ,
ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯುವುದೋ ಬೇಡವೋ ಎಂದು ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಆ ಗುರುವಾರ ನಾನು ನಿನ್ನ ಊರಿಗೆ ಬಂದಿದ್ದೆ. ನೀನು ಅಪ್ಪನಿಗೆ ಬರೆದ ಕಾಗದ ಗಡಿಯಾರದ ಚಕ್ರಗಳ ಕೆಳಗೆ ಸಿಕ್ಕಿತ್ತು. ದಿನ, ವೇಳೆ, ನೋಂದಣಿ ಕಚೇರಿಯ ವಿಳಾಸ, ಕೊನೆಗೆ “ಅಮ್ಮನಿಗೆ ಹೇಳಬೇಡ. ಆ ಒಂದು ದಿನ ನನಗೆ ಯಾರಿಂದಲೂ ಅಂಕ ಬೇಡ” ಎಂಬ ಸಾಲು. ಸ್ನೇಹಿತರನ್ನು ನೋಡಿಬರುತ್ತೇನೆ ಎಂದು ನಿಮ್ಮಪ್ಪ ತಮ್ಮ ಅಂಗಿಗೆ ತಾವೇ ಇಸ್ತ್ರಿ ಮಾಡಿಕೊಂಡು ಹೊರಟರು. ಅವರ ಬಸ್ಸಿನ ನಂತರದ ಬಸ್ಸಿಗೆ ನಾನು ಹೊರಟೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಕಚೇರಿಯ ಎದುರಿನ ಕನ್ನಡಕದ ಅಂಗಡಿಯ ನೆರಳಲ್ಲಿ ನಿಂತಿದ್ದೆ. ನೀಲಿ ಬಣ್ಣ ನಿನಗೆ ಒಪ್ಪುತ್ತದೆ. ನಿನ್ನ ಕೈಚೀಲ ಹಿಡಿದುಕೊಂಡಿದ್ದ ಉದ್ದನೆಯ ಹುಡುಗನ ಮುಖ ಒಳ್ಳೆಯ ಮುಖ, ಅವನಿಗೂ ನನ್ನ ಆಶೀರ್ವಾದ ಹೇಳು. ನಿಮ್ಮಪ್ಪ ಬಾಯಿತುಂಬ ನಗುತ್ತಿದ್ದರು. ರಸ್ತೆ ದಾಟಲು ಎರಡು ಸಲ ಕಾಲು ಕೆಳಗಿಟ್ಟೆ. ಅಂಗಡಿಯವನು ಹೊರಗೆ ಬಂದು, “ಯಾರು ಬೇಕಿತ್ತಮ್ಮಾ?” ಎಂದು ಕೇಳಿದ. “ಆ ನೀಲಿ ಬಟ್ಟೆಯ ಹುಡುಗಿ ನನ್ನ ಮಗಳು, ಇವತ್ತು ಅವಳ ಮದುವೆ” ಎಂದೆ. ಅವನು ಆ ಕಡೆ ನೋಡಿದ, ನನ್ನನ್ನು ನೋಡಿದ. “ಮತ್ತೆ ಇಲ್ಲಿ ಯಾಕೆ ನಿಂತಿದ್ದೀರಿ?” ಎಂದ. ಬಸ್ಸು ಬಂತು, ಹತ್ತಿದೆ.